ಕೋಡ್ ಬದಲಾಯ್ತು, ಡಾಕ್ಯುಮೆಂಟೇಶನ್ ಯಾಕೆ ಬದಲಾಗ್ಲಿಲ್ಲ?

ನಮಸ್ಕಾರ. ಕಳೆದ ವಿಡಿಯೋ ನೋಡಿದ ಒಬ್ಬ ವಿದ್ಯಾರ್ಥಿನಿ ಕೇಳಿದ್ರು: "ಡಾಕ್ಯುಮೆಂಟೇಶನ್ ಸೋರ್ಸ್ ಕೋಡ್‌ನಿಂದಲೇ ತಯಾರಾಗುತ್ತೆ ಅಂದ್ರಲ್ಲ ಸರ್, ಮತ್ತೆ ಅದರಲ್ಲಿ ತಪ್ಪು ಎಲ್ಲಿಂದ ಬರುತ್ತೆ?"

ಬೇಸಿಕ್ಸ್ ಬೇಗ ಮುಗಿಸೋಣ. ಡಾಕ್ಯುಮೆಂಟೇಶನ್ ಅಂದ್ರೆ ಕೋಡನ್ನ ಹೇಗೆ ಬಳಸೋದು ಅಂತ ಹೇಳೋ ಕೈಪಿಡಿ. ಫಂಕ್ಷನ್ ಜೊತೆಗೇ ಒಂದು ವಿಶೇಷ ಕಾಮೆಂಟ್ ಬರೀತೀರಿ. ಟೂಲ್ ಆ ಕಾಮೆಂಟನ್ನ, ಫಂಕ್ಷನ್ ಹೆಸರನ್ನ, ಪ್ಯಾರಾಮೀಟರ್‌ಗಳನ್ನ ಎತ್ಕೊಂಡು ವೆಬ್ ಪೇಜ್ ಮಾಡುತ್ತೆ. ಜಾವಾಗೆ ಜಾವಾಡಾಕ್, ಸಿ ಪ್ಲಸ್ ಪ್ಲಸ್‌ಗೆ 1997ರಿಂದ ಡಾಕ್ಸಿಜನ್, ಪೈಥಾನ್‌ಗೆ 2008ರಲ್ಲಿ ಬಂದ ಸ್ಫಿಂಕ್ಸ್.

[ಸ್ಕ್ರೀನ್: ಒಂದು ಫಂಕ್ಷನ್, ಅದರ ಮೇಲೆ ಕಾಮೆಂಟ್]

ಈಗ ಇಲ್ಲಿ ನೋಡಿ. ಹೆಸರು, ಟೈಪ್ ಎರಡೂ ಕೋಡ್‌ನಿಂದ ಬಂದಿದ್ದು. ಆದ್ರೆ "ಖಾಲಿ ಪಟ್ಟಿ ಕೊಟ್ರೆ ಸೊನ್ನೆ ಬರುತ್ತೆ" ಅನ್ನೋ ಸಾಲು ಮನುಷ್ಯರು ಬರೆದಿದ್ದು. ನಾಳೆ ಯಾರೋ ಕೋಡ್ ತಿದ್ದಿ, ಸೊನ್ನೆ ಬದಲು ಎರರ್ ಬರೋ ಹಾಗೆ ಮಾಡಿದ್ರು ಅನ್ಕೊಳ್ಳಿ. ಕೋಡನ್ನ ಕಂಪ್ಯೂಟರ್ ಓಡಿಸೋ ರೂಪಕ್ಕೆ ತರೋ ಕಂಪೈಲರ್ ಈ ಕಾಮೆಂಟ್ ಓದಲ್ಲ. ಟೂಲ್ ಆ ಹಳೇ ಸಾಲನ್ನೇ ಒಪ್ಪವಾಗಿ ಪೇಜಿಗೆ ಹಾಕುತ್ತೆ.

ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಪೇಂಟ್ ಮಾಡಿರೋ ವೇಳಾಪಟ್ಟಿ ಇರುತ್ತಲ್ಲ, ಹಾಗೆ. ಬಸ್ಸಿನ ಟೈಮ್ ಬದಲಾದ್ರೂ ಗೋಡೆಗೆ ಗೊತ್ತಾಗಲ್ಲ. ಈಗ ಒಂದು ನಿಯಮ ಊಹಿಸ್ಕೊಳ್ಳಿ: ಬೋರ್ಡಿನ ಟೈಮಿಗೂ ಬಸ್ಸಿನ ಟೈಮಿಗೂ ತಾಳೆ ಆಗದಿದ್ರೆ ಬಸ್ ಡಿಪೋದಿಂದ ಹೊರಡೋ ಹಾಗೇ ಇಲ್ಲ. ಬೋರ್ಡನ್ನಾದ್ರೂ ತಿದ್ದಬೇಕು, ಬಸ್ಸನ್ನಾದ್ರೂ ತಿದ್ದಬೇಕು.

ಆ ನಿಯಮ ನಿಜಕ್ಕೂ ಇದೆ! ಹೆಸರು ಡಾಕ್‌ಟೆಸ್ಟ್. ಟಿಮ್ ಪೀಟರ್ಸ್ ಪೈಥಾನ್‌ಗಾಗಿ ಬರೆದಿದ್ದು, 2001ರಲ್ಲಿ ಪೈಥಾನ್ 2.1ರ ಜೊತೆಗೇ ಬಂತು. ಡಾಕ್ಯುಮೆಂಟೇಶನ್‌ನಲ್ಲಿ >>> ಹಾಕಿ ಒಂದು ಉದಾಹರಣೆ ಬರೆದು, ಕೆಳಗೆ ಉತ್ತರ ಕೊಟ್ರೆ, ಅದು ಆ ಉದಾಹರಣೆನ ಓಡಿಸಿ ಉತ್ತರ ತಾಳೆ ನೋಡುತ್ತೆ.

[ಸ್ಕ್ರೀನ್: ರಸ್ಟ್ ಕೋಡ್, /// ಕಾಮೆಂಟ್]

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇದನ್ನ ಇನ್ನೂ ಮುಂದಕ್ಕೆ ಒಯ್ದಿದೆ. ಲೈಬ್ರರಿಯಲ್ಲಿ, ಅಂದ್ರೆ ಬೇರೆ ಪ್ರೋಗ್ರಾಂಗಳು ಬಳಸೋ ಕೋಡಿನಲ್ಲಿ, ಟೆಸ್ಟ್ ಓಡಿಸೋ ಕಾರ್ಗೋ ಟೆಸ್ಟ್ ಅನ್ನೋ ಕಮಾಂಡ್ ಕೊಟ್ರೆ, ಕಾಮೆಂಟ್ ಒಳಗಿನ ಉದಾಹರಣೆಗಳೂ ಕಂಪೈಲ್ ಆಗಿ ಓಡುತ್ತವೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಂಪೈಲ್-ಫೇಲ್ ಅನ್ನೋ ಗುರುತು. "ಹೀಗೆ ಬರೀಬೇಡಿ, ಕಂಪೈಲರ್ ಬಿಡಲ್ಲ" ಅಂತ ಓದುಗರಿಗೆ ತೋರಿಸ್ಬೇಕು ಅನ್ಕೊಳ್ಳಿ. ಆ ಕೆಟ್ಟ ಉದಾಹರಣೆಗೆ ಈ ಗುರುತು ಹಾಕ್ತೀರಿ. ಕಂಪೈಲ್ ಆಗದಿದ್ರೆ ಟೆಸ್ಟ್ ಪಾಸ್, ಆಗ್ಬಿಟ್ರೆ ಫೇಲ್! ಅಂದ್ರೆ ಎಚ್ಚರಿಕೆಯ ಮಾತಿಗೂ ಪರೀಕ್ಷೆ ಇದೆ. ಬೇರೆ ಯಾವ ಕೈಪಿಡಿಯಲ್ಲಿ ಇದು ಸಾಧ್ಯ?

ಒಂದು ಸಂದು ಉಳಿಯುತ್ತೆ. ನೀವು ಸೆಮಿಕೋಲನ್ ಮರೆತಿದ್ರೂ ಅದು ಕಂಪೈಲ್ ಆಗಲ್ಲ, ಟೆಸ್ಟ್ ಪಾಸ್ ಆಗ್ಬಿಡುತ್ತೆ. ಇಂಥದೇ ಎರರ್ ಬರಬೇಕು ಅಂತ ನಂಬರ್ ಸಮೇತ ಹೇಳಬಹುದು, ಆದ್ರೆ ಆ ನಂಬರನ್ನ ತಾಳೆ ನೋಡೋದು ರಸ್ಟ್‌ನ ನೈಟ್ಲಿ, ಅಂದ್ರೆ ದಿನಾ ರಾತ್ರಿ ತಯಾರಾಗೋ ಪ್ರಾಯೋಗಿಕ ಆವೃತ್ತಿ ಮಾತ್ರ.

ಟೈಮ್ ಆಗ್ತಾ ಬಂತು, ಉಳಿದಿದ್ದು ಒಟ್ಟಿಗೆ. ಲಿನಕ್ಸ್ ಕರ್ನಲ್, ಅಂದ್ರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ತನ್ನ ಡಾಕ್ಯುಮೆಂಟೇಶನ್‌ಗೆ 2016ರಲ್ಲಿ, 4.8 ಆವೃತ್ತಿಯಿಂದ, ಸ್ಫಿಂಕ್ಸ್ ಕಡೆ ಹೊರಳಿತು. ಪ್ಯಾರಾಮೀಟರ್‌ಗೆ ವಿವರಣೆ ಇಲ್ಲದಿದ್ರೆ ಅಲ್ಲಿನ ಟೂಲ್ ಎಚ್ಚರಿಸುತ್ತೆ, ಆದ್ರೆ ವಿವರಣೆ ಸರಿಯಾ ಅಂತ ನೋಡೋಕೆ ಅದಕ್ಕೆ ಆಗಲ್ಲ. ರಸ್ಟ್‌ನಲ್ಲಿ ಪ್ರತಿ ಉದಾಹರಣೆಯೂ ಬೇರೆ ಬೇರೆ ಪ್ರೋಗ್ರಾಂ ಆಗಿ ಕಂಪೈಲ್ ಆಗ್ತಿದ್ದರಿಂದ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ನಿಧಾನ ಆಗ್ತಿತ್ತು. 2024ರ ಎಡಿಶನ್‌ನಲ್ಲಿ ಸಾಧ್ಯವಾದಷ್ಟು ಉದಾಹರಣೆಗಳನ್ನ ಒಂದೇ ಪ್ರೋಗ್ರಾಂ ಆಗಿ ಒಟ್ಟುಗೂಡಿಸ್ತಾರೆ. ಇನ್ನು, ಈ ಫಂಕ್ಷನ್ ಯಾಕೆ ಬೇಕಾಯ್ತು ಅನ್ನೋದನ್ನ ಯಾವ ಟೆಸ್ಟೂ ಹೇಳಲ್ಲ. ಅದನ್ನ ಬರೆದವರೇ ಬರೀಬೇಕು, ದಯವಿಟ್ಟು ಬರೀರಿ.

ಓಪನ್ ಸೋರ್ಸ್‌ಗೆ ಮೊದಲ ಕೊಡುಗೆ ಏನು ಕೊಡೋದು ಅಂತ ಹುಡುಕ್ತಿದ್ದೀರಾ? ನೀವು ಬಳಸೋ ರಸ್ಟ್ ಲೈಬ್ರರಿಯ ಉದಾಹರಣೆಗಳಲ್ಲಿ ಇಗ್ನೋರ್ ಅನ್ನೋ ಗುರುತು ಎಲ್ಲಿದೆ ನೋಡಿ. ಅಲ್ಲಿ ಟೆಸ್ಟ್ ಓಡೋದೇ ಇಲ್ಲ. ಆ ಗುರುತು ತೆಗೀರಿ, ಉದಾಹರಣೆ ಓಡೋ ಹಾಗೆ ತಿದ್ದಿ, ಪುಲ್ ರಿಕ್ವೆಸ್ಟ್, ಅಂದ್ರೆ "ನನ್ನ ಬದಲಾವಣೆ ಸೇರಿಸ್ಕೊಳ್ಳಿ" ಅನ್ನೋ ಕೋರಿಕೆ, ಕಳಿಸಿ.