ಒಂದೇ ಒಂದು ಅಂಕ: ಅಯೋವಾ ಸಿಟಿ, 1943

ಈ ಕಂಚಿನ ಹೆಲ್ಮೆಟ್ ನೋಡಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಹುಡುಗರು ಮೈದಾನಕ್ಕೆ ಹೋಗೋವಾಗ ಇದನ್ನ ಮುಟ್ಟಿ ಹೋಗ್ತಾರೆ, ನಾವು ದೇವಸ್ಥಾನದ ಹೊಸ್ತಿಲು ಮುಟ್ಟಿದ ಹಾಗೆ. ಅಮ್ಮನೂ ಮುಟ್ಟಿ ಕಣ್ಣಿಗೊತ್ಕೊಂಡ್ರು. ದಾವಣಗೆರೆಯಿಂದ ಬಂದು ಎರಡು ವಾರ ಆಗಿದೆ, ಅಷ್ಟೇ.

ಪ್ರತಿಮೆ ನೈಲ್ ಕಿನ್ನಿಕ್‌ನದು. 1939ರಲ್ಲಿ ಹೈಸ್‌ಮನ್ ಟ್ರೋಫಿ ಗೆದ್ದವನು, ಅಂದ್ರೆ ಇಡೀ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ. ಯುರೋಪಿನಲ್ಲಿ ಆಗಲೇ ಯುದ್ಧ ಶುರುವಾಗಿತ್ತು. ನಾನು ರಣರಂಗದಲ್ಲಿಲ್ಲ, ಆಟದ ಮೈದಾನದಲ್ಲಿ ಹೋರಾಡ್ತಿದ್ದೀನಿ, ದೇವರು ದೊಡ್ಡವನು ಅನ್ನೋ ಅರ್ಥದ ಮಾತನ್ನ ಪ್ರಶಸ್ತಿ ತಗೊಳ್ಳೋವಾಗ ಹೇಳಿದ್ದ. ಆಮೇಲೆ ಅವನೇ ನೌಕಾಪಡೆಯ ಪೈಲಟ್ ಆದ. 1943ರ ಜೂನ್ 2ರಂದು ತರಬೇತಿ ಹಾರಾಟದಲ್ಲಿ ಎಂಜಿನ್ ಆಯಿಲ್ ಸೋರಿ, ವಿಮಾನ ವೆನೆಜುವೆಲಾ ಹತ್ರ ಸಮುದ್ರಕ್ಕೆ ಬಿತ್ತು. ವಯಸ್ಸು 24. ದೇಹ ಸಿಗಲೇ ಇಲ್ಲ.

ಈ ಸ್ಟೇಡಿಯಂಗೆ ಅವನ ಹೆಸರಿಟ್ಟಿದ್ದು 1972ರಲ್ಲಿ. ಆದ್ರೆ ನಾನು ಬಂದಿರೋದು ಅವನು ಸತ್ತ ವರ್ಷವೇ ಇಲ್ಲಿ ಆಡಿದ ಇನ್ನೊಂದು ತಂಡಕ್ಕೋಸ್ಕರ. ಅಯೋವಾ ಪ್ರಿ-ಫ್ಲೈಟ್ ಸೀಹಾಕ್ಸ್, ನೌಕಾಪಡೆಯ ಪೈಲಟ್ ತರಬೇತಿ ಶಾಲೆಯ ತಂಡ.

ಸಮುದ್ರವೇ ಇಲ್ಲದ ಜೋಳದ ಸೀಮೆಗೆ ನೌಕಾಪಡೆ ಯಾಕೆ ಬಂತು? 1942ರಲ್ಲಿ ಪೈಲಟ್‌ಗಳು ಸಾವಿರಗಟ್ಟಲೆ ಬೇಕಾಗಿದ್ರು. ವಿಮಾನ ಹತ್ತಿಸೋಕೆ ಮುಂಚೆ ಮೈ ಹುರಿ ಮಾಡೋಕೆ ನಾಲ್ಕು ಕ್ಯಾಂಪಸ್ ಆರಿಸಿದ್ರು: ಅಯೋವಾ, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಕೂಡ ನಾರ್ತ್ ಕ್ಯಾರೊಲಿನಾದ ಶಾಲೆಯಲ್ಲಿ ತರಬೇತಿ ಕೊಡ್ತಿದ್ರು. ಒದೆ ತಿಂದು ಎದ್ದು ನಿಲ್ಲೋದು ಪೈಲಟ್‌ಗೆ ಗೊತ್ತಿರ್ಬೇಕು, ಅದಕ್ಕೆ ಫುಟ್‌ಬಾಲ್ ಪಾಠದ ಭಾಗವೇ ಆಗಿತ್ತು.

"ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡ್ತಾರಲ್ಲೋ, ಇದಕ್ಕೆ ಫುಟ್‌ಬಾಲ್ ಅಂತೀಯಾ?" ಅಂತಾರೆ ಅಮ್ಮ. ಕಾಲಿಗೆ ಕೆಲಸ ಕಮ್ಮಿ ಅನ್ನೋದು ನಿಜವೇ. ಆದ್ರೆ ಈ ಕಥೆ ಮುಗಿಯೋದು ಕಾಲಿಂದಲೇ, ಸ್ವಲ್ಪ ತಾಳಿ.

1943ರ ಕೋಚ್ ಡಾನ್ ಫಾರೊ. ಮಿಸೌರಿ ವಿಶ್ವವಿದ್ಯಾಲಯದವರು, ಸ್ಪ್ಲಿಟ್-ಟಿ ಅನ್ನೋ ಪಟ್ಟು ಅವರದ್ದೇ. ಸಾಲಲ್ಲಿ ನಿಂತವರ ನಡುವೆ ಅಂತರ ಬಿಡೋದು. ಕ್ವಾರ್ಟರ್‌ಬ್ಯಾಕ್, ಅಂದ್ರೆ ಆಟ ನಡೆಸೋನು, ಚೆಂಡು ಹಿಡಿದು ಸಾಲಿನ ಉದ್ದಕ್ಕೂ ಓಡ್ತಾ, ಎದುರಾಳಿ ಯಾರ ಮೇಲೆ ಬೀಳ್ತಾನೆ ಅಂತ ಕೊನೇ ಗಳಿಗೆ ತನಕ ಕಾಯ್ತಾನೆ. ತನ್ನ ಮೇಲೆ ಬಂದ್ರೆ ಪಕ್ಕದವನಿಗೆ ಚೆಂಡು ದಾಟಿಸ್ತಾನೆ, ಇಲ್ಲಾಂದ್ರೆ ತಾನೇ ನುಗ್ತಾನೆ. ಕಬಡ್ಡಿ ಆಡಿದವರಿಗೆ ಈ ಕಾಯೋದು ಏನು ಅಂತ ಬಿಡಿಸಿ ಹೇಳ್ಬೇಕಿಲ್ಲ. ಅಸಿಸ್ಟೆಂಟ್‌ಗಳಾಗಿದ್ದ ಜಿಮ್ ಟೇಟಮ್, ಬಡ್ ವಿಲ್ಕಿನ್‌ಸನ್ ಇದನ್ನ ಇಲ್ಲೇ ಕಲಿತು ಒಕ್ಲಹೋಮಕ್ಕೆ ಒಯ್ದ್ರು. ವಿಲ್ಕಿನ್‌ಸನ್ ತಂಡ 1950ರ ದಶಕದಲ್ಲಿ ಸತತ 47 ಪಂದ್ಯ ಗೆದ್ದಿತು. ಗುರುಗಳು ಪಾಪ, ಯುದ್ಧಕಾಲದಲ್ಲಿ ಗುಟ್ಟನ್ನೆಲ್ಲ ಧಾರೆ ಎರೆದುಬಿಟ್ಟಿದ್ರು.

ಆಡೋರಲ್ಲಿ ಕೆಡೆಟ್‌ಗಳ ಜೊತೆ ಡಿಕ್ ಟಾಡ್ ಥರದ ವೃತ್ತಿಪರರೂ ಇದ್ರು. ಎದುರಿನ ಕಾಲೇಜುಗಳ ಕಥೆ ಬೇರೆ. ಒಹಾಯೊ ಸ್ಟೇಟ್ ಹಿಂದಿನ ವರ್ಷದ ಚಾಂಪಿಯನ್, ಆದ್ರೆ ದೊಡ್ಡವರೆಲ್ಲ ಸೇನೆಗೆ ಹೋಗಿ ಉಳಿದಿದ್ದು ಬಹುಪಾಲು ಎಳೆ ಹುಡುಗರು. ಅವರನ್ನ ಸೋಲಿಸಿದ್ದನ್ನ ನಾನು ದೊಡ್ಡ ಸಾಧನೆ ಅನ್ನಲ್ಲ. ಫಾರೊ ತಮ್ಮ ಸ್ವಂತ ಮಿಸೌರಿಯನ್ನೂ ಬಿಡ್ಲಿಲ್ಲ. ಎಂಟಕ್ಕೆ ಎಂಟೂ ಗೆಲುವು.

ನವೆಂಬರ್ 20, ನೋಟರ್ ಡೇಮ್ ವಿಶ್ವವಿದ್ಯಾಲಯದ ವಿರುದ್ಧ, ಅವರದೇ ಮೈದಾನದಲ್ಲಿ. ಪತ್ರಕರ್ತರು ವೋಟು ಹಾಕಿ ಮಾಡೋ ರ‍್ಯಾಂಕಿಂಗ್‌ನಲ್ಲಿ ಅವರು ಒಂದನೇ ಜಾಗ, ಇವರು ಎರಡನೇ ಜಾಗ. ನೋಟರ್ ಡೇಮ್‌ನ ತಾರೆ ಏಂಜೆಲೊ ಬರ್ಟೆಲಿಯನ್ನ ಸೀಸನ್ ಮಧ್ಯದಲ್ಲೇ ಮರೀನ್ಸ್ ಕರೆಸಿಕೊಂಡಿತ್ತು. ಆ ಜಾಗದಲ್ಲಿ 18ರ ಹುಡುಗ ಜಾನಿ ಲುಜಾಕ್. ಎರಡೂ ಕಡೆ ಎರಡೆರಡು ಟಚ್‌ಡೌನ್. ಟಚ್‌ಡೌನ್‌ಗೆ, ಅಂದ್ರೆ ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸಿದ್ರೆ, ಆರು ಅಂಕ, ಆಮೇಲೆ ಚೆಂಡನ್ನ ಕಂಬಗಳ ನಡುವೆ ಒದ್ರೆ ಇನ್ನೊಂದು. ನೋಟರ್ ಡೇಮ್ ಎರಡೂ ಸಲ ಒದ್ದು ಹಾಕ್ತು. ಸೀಹಾಕ್ಸ್‌ಗೆ ಒಂದು ತಪ್ಪಿತು. 14-13.

ಮುಂದಿನ ಶನಿವಾರ ಸೀಹಾಕ್ಸ್ ಮಿನೆಸೋಟವನ್ನ 32-0ಗೆ ಮಲಗಿಸಿದ್ರು. ಅದೇ ದಿನ ಗ್ರೇಟ್ ಲೇಕ್ಸ್ ಅನ್ನೋ ಇನ್ನೊಂದು ನೌಕಾನೆಲೆಯ ತಂಡ, ಕೊನೇ ನಿಮಿಷದ ಪಾಸ್‌ನಲ್ಲಿ ನೋಟರ್ ಡೇಮ್‌ನ 19-14ರಿಂದ ಕೆಡವಿತು! ಈಗ ಇಬ್ಬರದ್ದೂ ಒಂದೊಂದು ಸೋಲು. ಪತ್ರಕರ್ತರ ವೋಟು ಮಾತ್ರ ನೋಟರ್ ಡೇಮ್‌ಗೇ ಬಿತ್ತು, ಸೀಹಾಕ್ಸ್ ಎರಡನೇ ಜಾಗದಲ್ಲೇ ಉಳಿದ್ರು. ನೇರಾನೇರ ಸೋತಿದ್ದಾರಲ್ಲ, ತಕರಾರು ಮಾಡೋಕೆ ನನಗೂ ಬಾಯಿಲ್ಲ. ಆದ್ರೂ ಹೊಟ್ಟೆ ಉರಿಯುತ್ತೆ.

1944 ಇನ್ನೊಂದು ಸೀಸನ್. ಆಮೇಲೆ ಯುದ್ಧ ಮುಗೀತು, ತಂಡವೂ ಇಲ್ಲ.

ಗೇಟಿನ ಸಂದಿಯಿಂದ ಹಳದಿ ಗೋಲ್ ಕಂಬ ಕಾಣ್ತಿದೆ. ಝೂಮ್ ಮಾಡಿ ಅಮ್ಮನಿಗೆ ತೋರಿಸಿದೆ. ಫೋನ್ ಕಣ್ಣ ಹತ್ರ ಹಿಡ್ಕೊಂಡು ಸುಮಾರು ಹೊತ್ತು ನೋಡಿದ್ರು.

"ಅಷ್ಟಗಲ ಜಾಗ ಬಿಟ್ಟಾರಲ್ಲೋ. ಅದ್ಹೆಂಗೆ ತಪ್ಪಿತು?"