ಕನ್ನಡಿಯಲ್ಲಿ ಎರಡು ಟ್ರ್ಯಾಕ್ಟರ್

ಕನ್ನಡಿ ನೋಡಿ. ಹಿಂದೆ ಎಷ್ಟು ಟ್ರ್ಯಾಕ್ಟರ್ ಕಾಣುತ್ತಿವೆ? ಎರಡು, ಅಲ್ವಾ? ಇರುವುದು ಒಂದೇ. ಕಬ್ಬು ತುಂಬಿಕೊಂಡು, ಜೋರಾಗಿ ಹಾಡು ಹಾಕಿಕೊಂಡು ಬರುತ್ತಿದೆ. ಅದನ್ನು ಎರಡು ಮಾಡಿದ್ದು ನನ್ನ ಬೈಕಿನ ನಡುಕ.

ಇದು ಹೋದ ತಿಂಗಳ ವಿಡಿಯೋ. ಬಾಗಲಕೋಟೆಯಿಂದ ಕೋಲ್ಹಾರಕ್ಕೆ ಹೊರಟಿದ್ದೆ. ಕೊರ್ತಿ ಸೇತುವೆ ಹತ್ತಿರ ಬರುವಷ್ಟರಲ್ಲಿ ಎರಡೂ ಪಾದ ಜೋಮು ಹಿಡಿದಿದ್ದವು. ಗಾಡಿ ನಿಲ್ಲಿಸಿ ಕಾಲು ಕೆಳಗಿಟ್ಟರೆ ನೆಲ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಗಾಡಿ ಅಪ್ಪನದು. 1999ರ ಮಾಡೆಲ್, 100 ಸಿಸಿ, ನಾಲ್ಕು ಗೇರು. ಕಂಪನಿ ಹೆಸರು ಹೇಳುವುದಿಲ್ಲ. ಇಷ್ಟು ವರ್ಷ ಓಡಿದ ಮೇಲೆ ತಪ್ಪು ಕಂಪನಿಯದ್ದಲ್ಲ, ನಮ್ಮದು.

ಮೊದಲು ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ನಡುಕ ಕಾಲಿಗೆ ಬರುತ್ತಿದೆ ಅಂತ ಫುಟ್‌ರೆಸ್ಟ್ ರಬ್ಬರ್ ಬದಲಾಯಿಸಿದೆ. ಹಳೆಯದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು ನಿಜ. ಹೊಸದು ಹಾಕಿದ ಮೇಲೆ ನಾಲ್ಕು ದಿನ ಆರಾಮ. ಯಾಕಂದ್ರೆ ಆ ನಾಲ್ಕು ದಿನ ನಾನು ಬಾಗಲಕೋಟೆಯ ಹೊಸ ಊರು ನವನಗರದ ಸೆಕ್ಟರುಗಳ ಒಳಗೇ ಸುತ್ತುತ್ತಿದ್ದೆ, 40 ದಾಟಲೇ ಇಲ್ಲ. ಹೈವೇಗೆ ಬಂದ ಕೂಡಲೇ ಮತ್ತೆ ಅದೇ ಕಥೆ.

ಆಮೇಲೆ ಒಂದು ಗ್ಯಾರೇಜಿಗೆ ಹೋದೆ. ಅವರು ಎರಡು ಸಲ ರೇಸ್ ಮಾಡಿದರು, ತಲೆ ಆಡಿಸಿದರು. "ಕ್ರ್ಯಾಂಕ್ ಬೇರಿಂಗ್ ಹೋಗೈತ್ರಿ ಸರ, ಇಂಜಿನ್ ಇಳಸಬೇಕಾಗ್ತೈತ್ರಿ." ಕ್ರ್ಯಾಂಕ್ ಅಂದರೆ ಪಿಸ್ಟನ್ ಏರಿಳಿತವನ್ನು ತಿರುಗುವಿಕೆಗೆ ಬದಲಿಸುವ ದಂಡ. ಅವರು ಹೇಳಿದ ದುಡ್ಡಿಗೆ ಇನ್ನೊಂದು ಹಳೇ ಗಾಡಿಯೇ ಬರುತ್ತಿತ್ತು.

ಅಲ್ಲಿಂದ ಸೀದಾ ಕಾಕಾನ ಹತ್ತಿರ. ಕಾಕಾ ಹಳೇ ಊರಿನಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟಿದ್ದವರು. ಆಲಮಟ್ಟಿ ಹಿನ್ನೀರು ಬಂದ ಮೇಲೆ ಲೇತ್ ಸಮೇತ ನವನಗರಕ್ಕೆ ಬಂದರು. "ಕಾಕಾ, ಬೇರಿಂಗ್ ಹೋಗೈತಂತ್ರಿ" ಅಂದೆ. "ಬಿಚ್ಚಿ ನೋಡ್ಯಾರೇನು?" ಅಂದರು. ಇಲ್ಲ ಅಂದೆ. "ಹಂಗಾದ್ರ ಮೊದಲ ಅದು ಯಾರ ತಾಳಕ್ಕ ಕುಣೀತೈತಿ ನೋಡೋ ತಮ್ಮಾ. ಗಾಲಿ ತಾಳಕ್ಕೋ, ಇಂಜಿನ್ ತಾಳಕ್ಕೋ?"

ಈಗ ನೋಡುತ್ತಿರುವುದು ಆ ಪರೀಕ್ಷೆ. ಬೆಳಿಗ್ಗೆ ಆರು ಗಂಟೆ, ಗದ್ದನಕೇರಿ ಕ್ರಾಸ್ ದಾಟಿದ ಮೇಲಿನ ಖಾಲಿ ರೋಡು. ಟಾಪ್ ಗೇರ್‌ನಲ್ಲಿ ಸರಿಯಾಗಿ 52ಕ್ಕೆ ನಡುಕ ಶುರು. ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ಗಾಡಿ ಅದೇ ವೇಗದಲ್ಲಿ ಉರುಳುತ್ತಿದೆ, ನಡುಕ ಮಾತ್ರ ಸ್ವಿಚ್ ಆರಿಸಿದ ಹಾಗೆ ಮಾಯ. ಚಕ್ರ, ಟೈರು, ಚಕ್ರದ ಬೇರಿಂಗು ಇವುಗಳ ತಪ್ಪಾಗಿದ್ದರೆ ಇಂಜಿನ್ ನಿಧಾನವಾದರೂ ಅದುರಬೇಕಿತ್ತು. ಆಮೇಲೆ ಮೂರನೇ ಗೇರ್. ಈ ಸಲ 42ಕ್ಕೇ ಬಂತು. ವೇಗ ಕಡಿಮೆ, ಆದರೆ ಇಂಜಿನ್ ತಿರುಗುವುದು ಹೆಚ್ಚುಕಡಿಮೆ ಅಷ್ಟೇ. ಅಂದರೆ ಕುಣಿತ ಇಂಜಿನ್ ತಾಳಕ್ಕೆ.

ಕಾಲಿಗೇ ಈ ವ್ಯತ್ಯಾಸ ಗೊತ್ತಾಗುತ್ತೆ. ನನ್ನ ಹಿಂದಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. 52ರ ವೇಗದಲ್ಲಿ ಅದು ಸೆಕೆಂಡಿಗೆ ಎಂಟು ಸುತ್ತು ಸಹ ಹಾಕುವುದಿಲ್ಲ. ಚಕ್ರದ ತೊಂದರೆ ಇದ್ದರೆ ದಡ್ ದಡ್ ಅಂತ ಎಣಿಸುವ ಹಾಗಿರುತ್ತೆ. ಇಂಜಿನ್ ಅದೇ ಸೆಕೆಂಡಿನಲ್ಲಿ 90ಕ್ಕೂ ಜಾಸ್ತಿ ಸುತ್ತು ಹಾಕಿರುತ್ತೆ. ಅದನ್ನು ಎಣಿಸಲು ಆಗಲ್ಲ. ಜುಂಯ್ ಅನ್ನುತ್ತೆ, ಪಾದ ಜೋಮು ಹಿಡಿಯುತ್ತೆ.

ಇಂಜಿನ್ ಅಂದ ಮಾತ್ರಕ್ಕೆ ಬೇರಿಂಗೇ ಹೋಗಿರಬೇಕು ಅಂತೇನಿಲ್ಲ. ಒಂದೇ ಸಿಲಿಂಡರ್ ಇಂಜಿನ್ ಹುಟ್ಟಿನಿಂದಲೇ ಅದುರುತ್ತೆ. ಪಿಸ್ಟನ್ ಮೇಲೆ ಹೋಗಿ ನಿಲ್ಲಬೇಕು, ತಿರುಗಿ ಕೆಳಗೆ ಬಂದು ನಿಲ್ಲಬೇಕು. ಪ್ರತಿ ಸಲವೂ ಇಂಜಿನ್‌ಗೆ ಒಂದು ಒದೆ. ಅದನ್ನು ತಡೆಯಲು ಕ್ರ್ಯಾಂಕಿನಲ್ಲಿ ಎದುರು ತೂಕ ಇಟ್ಟಿರುತ್ತಾರೆ. ಪೂರ್ತಿ ತಡೆಯುವಷ್ಟು ಇಟ್ಟರೆ ಮೇಲೆ ಕೆಳಗೆ ಅದುರುವುದು ನಿಂತು ಹಿಂದೆ ಮುಂದೆ ಅದುರಲು ಶುರುವಾಗುತ್ತೆ. ಹಾಗಾಗಿ ಅರ್ಧದ ಆಸುಪಾಸಿನಲ್ಲಿ ರಾಜಿ. ಇದರ ಜೊತೆಗೆ ಇಂಜಿನ್ ವೇಗ ಎರಡರಷ್ಟಾದರೆ ಒದೆ ನಾಲ್ಕರಷ್ಟಾಗುತ್ತೆ. ಈಗಿನ ಎಷ್ಟೋ ಗಾಡಿಗಳಲ್ಲಿ ಈ ಒದೆ ತಗ್ಗಿಸಲೆಂದೇ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇರುತ್ತೆ, ನನ್ನದರಲ್ಲಿ ಇಲ್ಲ. ನನ್ನ ಗಾಡಿಯ ಫುಟ್‌ರೆಸ್ಟ್ ರಾಡ್ ಬೇರೆ ನೇರ ಇಂಜಿನ್ ಹೊಟ್ಟೆಗೇ ನಾಲ್ಕು ಬೋಲ್ಟಿನಲ್ಲಿ ಕೂತಿದೆ. ಇಂಜಿನ್ ಸೀನಿದರೂ ಪಾದಕ್ಕೆ ಗೊತ್ತಾಗಬೇಕು.

ಹಾಗಾದರೆ ಈ ಇಂಜಿನ್ ಜಾಸ್ತಿ ಅದುರುತ್ತಿದೆಯೋ, ಅಥವಾ ಅದನ್ನು ಹಿಡಿದುಕೊಂಡವರು ಕೈಬಿಟ್ಟಿದ್ದಾರೋ? ಖರ್ಚಿಲ್ಲದ್ದನ್ನು ಮೊದಲು ನೋಡಿದೆವು. ಪ್ಲಗ್ ಸರಿ ಇತ್ತು. ಟ್ಯಾಪೆಟ್, ಅಂದರೆ ವಾಲ್ವಿನ ಹತ್ತಿರ ಬಿಟ್ಟಿರುವ ಸಣ್ಣ ಸಂದು, ಇಂಜಿನ್ ತಣ್ಣಗಿದ್ದಾಗ ನೋಡಿದೆವು, ಸರಿ ಇತ್ತು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕಾಕಾ ಐದು ನಿಮಿಷ ಕೂತರು, ಡಾಕ್ಟರ್ ಕೂತ ಹಾಗೆ. ಕುಟ್ಟುವ ಸದ್ದೂ ಇಲ್ಲ, ಗೊರಗೊರ ಅನ್ನುವ ಸದ್ದೂ ಇಲ್ಲ. "ಬೇರಿಂಗ್ ಗಟ್ಟಿ ಐತಿ" ಅಂದರು.

ಆಮೇಲೆ ಇದು ಸಿಕ್ಕಿತು. ಕ್ಯಾಮರಾ ಇನ್ನೂ ಹತ್ತಿರ ತರುತ್ತೇನೆ. ಇಂಜಿನ್ ಹಿಂಭಾಗದಲ್ಲಿ, ಇಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಕೆಳಗಿನ ಉದ್ದ ಬೋಲ್ಟಿನ ನಟ್ ಸುತ್ತ ಕೆಂಪು ಪುಡಿ ಕಾಣುತ್ತಿದೆಯಾ? ಚಹಾಪುಡಿಗಿಂತ ಸಣ್ಣದು, ಬೆರಳಿಗೆ ರಂಗೋಲಿ ಪುಡಿಯ ಹಾಗೆ ಅಂಟುತ್ತೆ. ನಾನು ರೋಡಿನ ಧೂಳು ಅಂದುಕೊಂಡಿದ್ದೆ. ಕಾಕಾ ಬಟ್ಟೆಯಿಂದ ಒರೆಸಿ, "20 ಕಿಲೋಮೀಟರ್ ಹೊಡಕೊಂಡು ಬಾ" ಅಂದರು. ಬಂದು ನೋಡಿದರೆ ಅದೊಂದೇ ನಟ್ ಸುತ್ತ ಮತ್ತೆ ಪುಡಿ. ಬೇರೆ ಬೋಲ್ಟುಗಳ ಹತ್ತಿರ ಏನೂ ಇಲ್ಲ. ಬಿಗಿ ಇರಬೇಕಾದ ಎರಡು ಕಬ್ಬಿಣ ಕೂದಲೆಳೆಯಷ್ಟು ಜಾರಾಡುತ್ತಾ ಒಂದನ್ನೊಂದು ತಿನ್ನುತ್ತಿದ್ದರೆ ಉದುರುವ ತುಕ್ಕು ಅದು. ಧೂಳು ಎಲ್ಲ ಕಡೆ ಕೂರುತ್ತೆ, ಇದು ಕೂರಲ್ಲ.

ಬೋಲ್ಟ್ ಎಳೆದರೆ ಸಲೀಸಾಗಿ ಬಂತು. ಸಲೀಸಾಗಿ ಬರಬಾರದಿತ್ತು. ನಡುವೆ ಸವೆದು ಸೊಂಟ ಬಂದಿತ್ತು. ಫ್ರೇಮಿನ ತೂತು ಮೊಟ್ಟೆಯಾಕಾರ. ಎಂದೋ ಯಾರೋ ವಾಷರ್ ಇಲ್ಲದೇ ನಟ್ ಹಾಕಿ ಕಳಿಸಿದ್ದರು. ಆ ಯಾರೋ ನಾನೇ ಇರಬಹುದು, ಅದಕ್ಕೇ ಜಾಸ್ತಿ ಬೈಯುವುದಿಲ್ಲ. ಫುಟ್‌ರೆಸ್ಟ್ ರಾಡಿನ ನಾಲ್ಕು ಬೋಲ್ಟುಗಳಲ್ಲಿ ಒಂದಂತೂ ಬೆರಳಲ್ಲೇ ತಿರುಗಿತು.

ಕಾಕಾ ತೂತನ್ನು ದುಂಡಗೆ ಮಾಡಿ, ಲೇತ್‌ನಲ್ಲಿ ಒಂದು ಬುಷ್, ಅಂದರೆ ತೂತಿನೊಳಗೆ ಕೂರುವ ಬಳೆ, ಕಡೆದು ಕೂರಿಸಿದರು. ತಲೆ ಮೇಲೆ 8.8 ಅಂತ ಗಟ್ಟಿತನದ ಗುರುತಿರುವ ಬೋಲ್ಟ್ ತಂದೆ. ಕೈಗೆ ಸಿಕ್ಕ ಮೆತ್ತನೆ ಬೋಲ್ಟ್ ಇಲ್ಲಿ ನಡೆಯಲ್ಲ.

ಬಿಗಿ ಮಾಡುವುದರಲ್ಲೂ ಒಂದು ಕ್ರಮ ಇದೆ. ಹೊಸ ಬೋಲ್ಟ್ ಒಂದನ್ನೇ ಜಗ್ಗಿ ಬಿಗಿ ಮಾಡಿದರೆ ಇಂಜಿನ್ ಆ ಕಡೆ ಎಳೆದುಕೊಂಡು ಕೂರುತ್ತೆ, ಮತ್ತೆ ಅದುರುತ್ತೆ. ಮುಂದಿನವು, ಹಿಂದಿನವು ಎಲ್ಲ ಬೋಲ್ಟ್ ಸ್ವಲ್ಪ ಸಡಿಲ ಮಾಡಿದೆವು. ಇಂಜಿನ್ ಅಲುಗಾಡಿಸಿ, ಅದು ತಾನಾಗಿ ಕೂತ ಮೇಲೆ ಸುತ್ತಿಕೊಂಡು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಕೊನೆಗೆ ಚೈನ್ ಸಡಿಲ ನೋಡಿದೆವು. ಇಂಜಿನ್ ಸರಿದರೆ ಚೈನೂ ಬದಲಾಗುತ್ತೆ.

ಇದು ಮೊನ್ನೆ ಭಾನುವಾರದ್ದು. 52 ಬಂತು, ಹೋಯಿತು. 65 ದಾಟಿದರೆ ಈಗಲೂ ಜುಂಯ್ ಅನ್ನುತ್ತೆ. ಅದು ಅದರ ಸ್ವಭಾವ, ನಾನು 65ರ ಒಳಗೇ ಇರುತ್ತೇನೆ. ಕನ್ನಡಿಯಲ್ಲಿ ಟ್ರ್ಯಾಕ್ಟರ್ ಒಂದೇ. ಹಾಡು ಮಾತ್ರ ಮೊದಲಿನಷ್ಟೇ ಜೋರು.

ಕೋಲ್ಹಾರದಲ್ಲಿ ಮೊಸರಿನ ಮಡಿಕೆ ತಗೊಂಡೆ. ಹೋದ ತಿಂಗಳು ತಂದ ಮಡಿಕೆ ನೋಡಿ ಅವ್ವ, "ಮೊಸರು ತಾ ಅಂದ್ರ ಮಜ್ಜಿಗಿ ತಂದಿ" ಅಂದಿದ್ದಳು. ಈ ಸಲವೂ ಅದೇ ಕೊಕ್ಕೆಗೆ ನೇತು ಹಾಕಿದೆ. ಮನೆಯಲ್ಲಿ ಅವ್ವ ಎಲೆ ತೆಗೆದು ಚಮಚ ಇಳಿಸಿದಳು. ಚಮಚ ನಿಂತಿತು. ಅಂಚಿನಲ್ಲಿ ಸ್ವಲ್ಪ ನೀರು ಬಿಟ್ಟಿತ್ತು. ಅದು ಅನಗವಾಡಿ ಹತ್ತಿರದ ಹಂಪ್, ಬೋಲ್ಟ್ ಅಲ್ಲ.