ಶಟಲ್ ನಿಂತ ಮೇಲೆ ಫ್ಲಾರಿಡಾ ದುಡ್ಡು ಸುರಿದದ್ದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

2011ರ ಜುಲೈ 21, ಗುರುವಾರ ಬೆಳಗಿನ ಜಾವ ಗಗನಯಾತ್ರಿಗಳನ್ನು ಹೊತ್ತೊಯ್ದು ವಾಪಸ್ ತರುತ್ತಿದ್ದ ನಾಸಾದ ಅಟ್ಲಾಂಟಿಸ್ ಶಟಲ್ ನೌಕೆ ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಬಂದು ಇಳಿಯಿತು. ಮೂವತ್ತು ವರ್ಷ ನಡೆದ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಮಾರನೇ ದಿನ ಶುಕ್ರವಾರ, ಶಟಲ್‌ಗಳ ನಿರ್ವಹಣೆ ಮಾಡುತ್ತಿದ್ದ ಯುನೈಟೆಡ್ ಸ್ಪೇಸ್ ಅಲಯನ್ಸ್ ಅನ್ನೋ ಗುತ್ತಿಗೆ ಕಂಪನಿ ಫ್ಲಾರಿಡಾದಲ್ಲೇ ಸುಮಾರು 1,500 ಜನರನ್ನು ಮನೆಗೆ ಕಳಿಸಿತು. ಇದು ಮೊದಲನೇ ಸಲ ಅಲ್ಲ, ಅದಕ್ಕೂ ಮುಂಚೆಯೇ ಕಂತು ಕಂತಾಗಿ ಜನರನ್ನು ತೆಗೆಯುತ್ತಾ ಬಂದಿದ್ದರು. ಎಲ್ಲಾ ಸೇರಿಸಿದರೆ ಆ ಕೇಂದ್ರದ ಸುತ್ತ ಏಳು ಸಾವಿರಕ್ಕೂ ಜಾಸ್ತಿ ಕೆಲಸ ಹೋಯಿತು.

ಅಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ಬೆಂಗಳೂರಿನ ಲೆಕ್ಕದಲ್ಲಿ ಅದು ಎರಡು ಟೆಕ್ ಪಾರ್ಕಿನ ಮಾತು. ಆದರೆ ಕೇಂದ್ರ ಇರುವುದು ಬ್ರೆವಾರ್ಡ್ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ. ಜನಸಂಖ್ಯೆ ಆಗ ಐದೂವರೆ ಲಕ್ಷದ ಆಸುಪಾಸು. ಆ ಜಿಲ್ಲೆಗೆ ಬಾಹ್ಯಾಕಾಶದ ಹುಚ್ಚು ಎಷ್ಟು ಅಂದರೆ, ಅವರ ಫೋನ್ ಏರಿಯಾ ಕೋಡೇ 321. ರಾಕೆಟ್ ಹಾರಿಸುವಾಗಿನ ಕೌಂಟ್‌ಡೌನ್ ನೆನಪಿಗೆ ಅಂತ ಕೇಳಿ ತಗೊಂಡಿದ್ದು.

ಈಗ ಒಂದು ಪ್ರಶ್ನೆ. ಶಟಲ್ ನಿಲ್ಲುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. 2003ರ ಫೆಬ್ರವರಿ 1ರಂದು ಕೊಲಂಬಿಯಾ ಶಟಲ್ ಒಡೆದುಹೋಯಿತು, ನಮ್ಮ ಕಲ್ಪನಾ ಚಾವ್ಲಾ ತೀರಿಕೊಂಡಿದ್ದು ಅದರಲ್ಲೇ. ಮುಂದಿನ ವರ್ಷ ಜನವರಿಯಲ್ಲಿ ಅಧ್ಯಕ್ಷ ಬುಷ್ 2010ಕ್ಕೆ ಶಟಲ್ ನಿಲ್ಲಿಸುತ್ತೇವೆ ಅಂತ ಬಹಿರಂಗವಾಗಿ ಹೇಳಿಬಿಟ್ಟರು. ನಿಜವಾಗಿ ನಿಂತದ್ದು 2011ರಲ್ಲಿ, ಅಂದರೆ ಏಳು ವರ್ಷ ಟೈಮ್ ಇತ್ತು. ಆದರೆ ಅದೇ ಭಾಷಣದಲ್ಲಿ ಚಂದ್ರನ ಮೇಲೆ ಮತ್ತೆ ಹೋಗುವ ಮಾತೂ ಇತ್ತು, ಅದರಿಂದ ಕಾನ್‌ಸ್ಟಲೇಷನ್ ಕಾರ್ಯಕ್ರಮ ಹುಟ್ಟಿತು. ಹಾಗಾಗಿ ಊರವರು ಸುಮ್ನೆ ಕೂತರು. ಶಟಲ್ ಹೋದರೆ ಹೋಗಲಿ, ಒಂದೆರಡು ವರ್ಷ ಕಷ್ಟ, ಆಮೇಲೆ ಹೊಸ ರಾಕೆಟ್ ಬರುತ್ತದೆ ಅಂತ. 2010ರ ಫೆಬ್ರವರಿಯಲ್ಲಿ ಒಬಾಮಾ ಸರ್ಕಾರದ ಬಜೆಟ್ ಬಂತು. ಅದರಲ್ಲಿ ಕಾನ್‌ಸ್ಟಲೇಷನ್ ರದ್ದು! ದಾಟಬೇಕಿದ್ದ ಸೇತುವೆಯೇ ಇಲ್ಲದಂತಾಯಿತು. ಏಪ್ರಿಲ್ 15ಕ್ಕೆ ಒಬಾಮಾ ಖುದ್ದಾಗಿ ಕೆನಡಿ ಕೇಂದ್ರಕ್ಕೆ ಬಂದು, ಈ ಭಾಗದ ಉದ್ಯೋಗಕ್ಕಾಗಿ 4 ಕೋಟಿ ಡಾಲರಿನ ಯೋಜನೆ ಅಂತ ಘೋಷಣೆ ಮಾಡಿ ಹೋದರು. ಏಳು ಸಾವಿರ ಜನಕ್ಕೆ ಹಂಚಿದರೆ ತಲೆಗೆ ಆರು ಸಾವಿರ ಡಾಲರೂ ಬರುವುದಿಲ್ಲ. ನೀವೇ ಲೆಕ್ಕ ಹಾಕಿ.

ಆ ಊರಿಗೆ ಈ ಅನುಭವ ಹೊಸದೂ ಅಲ್ಲ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಅಪೊಲೋ ಕಾರ್ಯಕ್ರಮದ ಕಾಲದಲ್ಲಿ, 1968ರಲ್ಲಿ, ಕೆನಡಿ ಕೇಂದ್ರದಲ್ಲಿ ಸುಮಾರು 26,000 ಜನ ಕೆಲಸ ಮಾಡುತ್ತಿದ್ದರು. 1972ರ ಡಿಸೆಂಬರಿನಲ್ಲಿ ಕೊನೆಯ ಅಪೊಲೋ ಚಂದ್ರನಿಗೆ ಹೋಗಿ ಬಂತು. ಅಷ್ಟರಲ್ಲಾಗಲೇ ಸಾವಿರಾರು ಜನ ಕೆಲಸ ಕಳಕೊಂಡು, ಟೈಟಸ್‌ವಿಲ್ ಊರಿನಲ್ಲಿ ಸಾಲ ಕಟ್ಟಲಾಗದ ಮನೆಗಳು ಖಾಲಿ ಬಿದ್ದಿದ್ದವು. ಆಗ ರಾಜ್ಯ ಸರ್ಕಾರ ಹೆಚ್ಚೇನೂ ಮಾಡಲಿಲ್ಲ. ಒರ್ಲಾಂಡೋ ಹತ್ತಿರ 1971ರಲ್ಲಿ ಡಿಸ್ನಿ ವರ್ಲ್ಡ್ ಶುರುವಾಗಿತ್ತು, ಒಂದಷ್ಟು ಜನಕ್ಕೆ ಅದು ದಾರಿಯಾಯಿತು, ಆಮೇಲೆ ಶಟಲ್ ಬಂತು. ಅದೃಷ್ಟ ಅಂತಲೇ ಹೇಳಬೇಕು.

2011ರಲ್ಲಿ ಅದೃಷ್ಟ ತಿರುಗಿ ಕೂತಿತ್ತು. 2008ರಲ್ಲಿ ಅಮೆರಿಕದ ಮನೆ ಮಾರುಕಟ್ಟೆ ಕುಸಿದಿತ್ತು, ಫ್ಲಾರಿಡಾದಲ್ಲಂತೂ ಕೇಳಲೇಬೇಡಿ. ಮನೆಯ ಬೆಲೆಗಿಂತ ಮನೆಯ ಸಾಲ ಜಾಸ್ತಿ. ಅಂಥ ಹೊತ್ತಿನಲ್ಲಿ ಕೆಲಸ ಹೋಯಿತು ಅಂದರೆ, ಟೆಕ್ಸಾಸಿನಲ್ಲೋ ಸಿಯಾಟಲ್‌ನಲ್ಲೋ ಕೆಲಸ ಸಿಕ್ಕಿದರೂ ಹೋಗುವುದು ಹೇಗೆ? ಮನೆ ಮಾರಿದರೆ ಕೈಯಿಂದ ಬ್ಯಾಂಕಿಗೆ ದುಡ್ಡು ಕಟ್ಟಬೇಕು. ಇಡೀ ಕೌಂಟಿಯ ನಿರುದ್ಯೋಗ ಆಗ ಶೇಕಡಾ 11 ದಾಟಿತ್ತು.

ಇನ್ನು ಅವರ ಕೆಲಸ ಎಂಥದ್ದು ನೋಡಿ. ಒಂದೊಂದು ಶಟಲ್‌ನ ಮೈಮೇಲೆ ಸುಮಾರು 24,000 ಶಾಖ ನಿರೋಧಕ ಟೈಲ್‌ಗಳು. ಬಹುತೇಕ ಒಂದೊಂದರ ಆಕಾರವೂ ಬೇರೆ. ಪ್ರತಿ ಹಾರಾಟದ ನಂತರ ಅವನ್ನು ಒಂದೊಂದಾಗಿ ಪರೀಕ್ಷೆ ಮಾಡಿ, ಹಾಳಾಗಿದ್ದನ್ನು ತೆಗೆದು, ಹೊಸದನ್ನು ಕೈಯಲ್ಲೇ ಅಂಟಿಸುವ ಟೆಕ್ನಿಷಿಯನ್‌ಗಳಿದ್ದರು. ಇಪ್ಪತ್ತು ಇಪ್ಪತ್ತೈದು ವರ್ಷ ಅದನ್ನೇ ಮಾಡಿದವರು. ಜಗತ್ತಿನಲ್ಲಿ ಆ ಕೆಲಸಕ್ಕೆ ಅವರಷ್ಟು ನುರಿತವರಿಲ್ಲ, ಆದರೆ ಆ ಕೆಲಸವೇ ಇನ್ನಿಲ್ಲ. ಇಂಜಿನಿಯರ್‌ಗಳು ಹೇಗೋ ಬೇರೆ ಕಡೆ ಸೇರಿಕೊಳ್ಳುತ್ತಾರೆ. ಪೆಟ್ಟು ಜೋರಾಗಿ ಬೀಳುವುದು ಇಂಥವರಿಗೆ.

ಸರಿ, ರಾಜ್ಯ ಏನು ಮಾಡಿತು? 2006ರಲ್ಲೇ ಫ್ಲಾರಿಡಾ ಶಾಸನಸಭೆ ಮೂರು ಹಳೇ ಸಂಸ್ಥೆಗಳನ್ನು ಸೇರಿಸಿ ಸ್ಪೇಸ್ ಫ್ಲಾರಿಡಾ ಅಂತ ಒಂದು ಸಂಸ್ಥೆ ಮಾಡಿತ್ತು. ನಮ್ಮ ಕೆಐಎಡಿಬಿ ಥರ ಜಾಗದ ವ್ಯವಹಾರವೂ ಮಾಡುತ್ತದೆ, ಸಾಲವೂ ಎತ್ತುತ್ತದೆ, ಕಂಪನಿಗಳ ಹಿಂದೆ ಓಡಾಡಿ ಕರೆತರುವ ಕೆಲಸವೂ ಅದರದ್ದೇ. ಅದರ ಜೊತೆಗೆ ರಾಜ್ಯದ ಕೈಯಲ್ಲಿ ಮಾಮೂಲಿ ಪ್ರೋತ್ಸಾಹಧನಗಳಿದ್ದವು. ಮುಖ್ಯವಾದದ್ದು ತೆರಿಗೆ ವಾಪಸಾತಿ. ಕಂಪನಿ ಒಂದು ಹೊಸ ಕೆಲಸ ಸೃಷ್ಟಿಸಿ, ಆ ಭಾಗದ ಸರಾಸರಿ ಸಂಬಳದ ಶೇಕಡಾ 115ರಷ್ಟಾದರೂ ಕೊಟ್ಟರೆ, ಒಂದು ಕೆಲಸಕ್ಕೆ 3,000 ಡಾಲರಿನಿಂದ ಶುರುವಾಗಿ ತೆರಿಗೆಯಲ್ಲಿ ವಾಪಸ್. ಸಂಬಳ ಇನ್ನೂ ಜಾಸ್ತಿ ಇದ್ದರೆ ವಾಪಸಾತಿಯೂ ಜಾಸ್ತಿ. ಐದನೇ ಒಂದು ಭಾಗ ಸ್ಥಳೀಯ ಸರ್ಕಾರದ ಪಾಲು. ಇದರಲ್ಲಿ ನನಗೆ ಇಷ್ಟವಾಗುವ ಅಂಶ ಅಂದರೆ, ಮೊದಲು ಕೆಲಸ ಕೊಡು, ಆಮೇಲೆ ದುಡ್ಡು. ಕೆಲಸ ಕೊಡದಿದ್ದರೆ ಏನೂ ಇಲ್ಲ.

ಇದರ ತದ್ವಿರುದ್ಧ ಮೊದಲೇ ನಗದು ಕೊಡುವುದು. ಅದಕ್ಕೂ ಫ್ಲಾರಿಡಾದಲ್ಲೇ ಉದಾಹರಣೆ ಇದೆ, ಬಾಹ್ಯಾಕಾಶದ್ದಲ್ಲ, ಸಿನಿಮಾದ್ದು. ಡಿಜಿಟಲ್ ಡೊಮೇನ್ ಅನ್ನೋ ಗ್ರಾಫಿಕ್ಸ್ ಕಂಪನಿಗೆ ರಾಜ್ಯ 2 ಕೋಟಿ ಡಾಲರ್ ಕೊಟ್ಟಿತು. ಪೋರ್ಟ್ ಸೇಂಟ್ ಲೂಸಿಯಲ್ಲಿ ದೊಡ್ಡ ಸ್ಟುಡಿಯೋ ಎದ್ದಿತು, 2012ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಬಿತ್ತು. ಈ ಕಥೆ ಆದ ಮೇಲೆ ಫ್ಲಾರಿಡಾದ ಶಾಸಕರಿಗೆ ಪ್ರೋತ್ಸಾಹಧನ ಅಂದರೆ ಸಿಡಿಮಿಡಿ ಜಾಸ್ತಿಯಾಯಿತು. ಬಾಹ್ಯಾಕಾಶದಲ್ಲೂ ಇಂಥದ್ದು ಆಗಿಲ್ಲ ಅಂತಿಲ್ಲ. ಟೆಕ್ಸಾಸಿನ ಮಿಡ್‌ಲ್ಯಾಂಡ್ ನಗರ ಎಕ್ಸ್‌ಕೋರ್ ಅನ್ನೋ ಕಂಪನಿಯನ್ನು 1 ಕೋಟಿ ಡಾಲರಿನ ಆಸೆ ತೋರಿಸಿ ಕ್ಯಾಲಿಫೋರ್ನಿಯಾದಿಂದ ಎಳೆದುಕೊಂಡಿತು. ಪ್ರವಾಸಿಗರನ್ನು ಬಾಹ್ಯಾಕಾಶದ ಅಂಚಿಗೆ ಕರೆದೊಯ್ಯುವ ವಿಮಾನ ಮಾಡುತ್ತೇವೆ ಅಂದಿದ್ದರು. ಫ್ಲಾರಿಡಾಕ್ಕೂ ಬರುತ್ತೇವೆ ಅಂದಿದ್ದರು. 2017ರಲ್ಲಿ ಬಾಗಿಲು ಹಾಕಿದರು. ವಿಮಾನ ಹಾರಲೇ ಇಲ್ಲ.

ಇಲ್ಲೊಂದು ಸಣ್ಣ ವಿಷಯ. ಫ್ಲಾರಿಡಾದಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಅಂದರೆ ರಾಜ್ಯ ದುಡ್ಡು ಕೊಟ್ಟು ಒಂದು ಒಳ್ಳೇ ಸಂಬಳದ ಕೆಲಸ ತಂದರೆ, ಆ ಸಂಬಳದಿಂದ ನೇರವಾಗಿ ರಾಜ್ಯಕ್ಕೆ ಒಂದು ಪೈಸೆ ಬರುವುದಿಲ್ಲ. ಆತ ಅಂಗಡಿಗೆ ಹೋಗಿ ಖರ್ಚು ಮಾಡಬೇಕು, ಆಗ ಸೇಲ್ಸ್ ಟ್ಯಾಕ್ಸ್ ಬರುತ್ತದೆ. ಹಾಕಿದ ದುಡ್ಡು ವಾಪಸ್ ಬರಲು ಬೇರೆ ರಾಜ್ಯಕ್ಕಿಂತ ಜಾಸ್ತಿ ಕಾಲ ಬೇಕು. ಉದ್ಘಾಟನೆಯ ದಿನ ಕತ್ತರಿ ಹಿಡಿದು ನಿಂತವರು ಇದನ್ನು ಹೇಳುವುದಿಲ್ಲ, ಅಲ್ವಾ?

ನನ್ನ ಪ್ರಕಾರ ಫ್ಲಾರಿಡಾ ನಿಜವಾಗಿ ಜಾಣತನ ತೋರಿಸಿದ್ದು ಈ ಡಾಲರ್ ಲೆಕ್ಕದಲ್ಲಿ ಅಲ್ಲವೇ ಅಲ್ಲ, ಕಟ್ಟಡದ ವಿಷಯದಲ್ಲಿ. ಶಟಲ್ ನಿಂತಾಗ ನಾಸಾ ಬಳಿ ಭಾರೀ ಕಟ್ಟಡಗಳು ಉಳಿದವು. ಶಟಲ್ ರಿಪೇರಿ ಮಾಡುತ್ತಿದ್ದ ಮೂರು ದೊಡ್ಡ ಹ್ಯಾಂಗರ್‌ಗಳು, 15,000 ಅಡಿ ಉದ್ದದ ರನ್‌ವೇ, ಲಾಂಚ್ ಪ್ಯಾಡ್‌ಗಳು. ಇವನ್ನು ನೋಡಿಕೊಳ್ಳುವುದೇ ದೊಡ್ಡ ಖರ್ಚು, ಕೆಡವುವುದೂ ಖರ್ಚೇ. ಕಂಪನಿಗಳಿಗೆ ಬೇಕಿತ್ತು, ಆದರೆ ಕೇಂದ್ರ ಸರ್ಕಾರದ ಸಂಸ್ಥೆ ಖಾಸಗಿಯವರ ಜೊತೆ ವ್ಯವಹಾರಕ್ಕೆ ಕೂತರೆ ಕಾಗದ ಪತ್ರದಲ್ಲೇ ವರ್ಷಗಟ್ಟಲೆ ಹೋಗುತ್ತದೆ. ಸ್ಪೇಸ್ ಫ್ಲಾರಿಡಾ ಮಧ್ಯೆ ಬಂದು ನಿಂತಿತು. ನಾಸಾದಿಂದ ತಾನು ತಗೊಂಡು ಕಂಪನಿಗೆ ಬಾಡಿಗೆಗೆ ಕೊಡುವುದು. 2011ರ ಅಕ್ಟೋಬರ್ 31ಕ್ಕೆ ಮೊದಲ ದೊಡ್ಡ ಒಪ್ಪಂದ ಹೊರಬಂತು. ಮೂರನೇ ಹ್ಯಾಂಗರ್ ಬೋಯಿಂಗ್‌ಗೆ, ಗಗನಯಾತ್ರಿಗಳ ನೌಕೆ ತಯಾರಿಸಲು, 2015ರ ಹೊತ್ತಿಗೆ 550 ಕೆಲಸ ಅನ್ನೋ ಮಾತು. 2015ರಲ್ಲಿ ರನ್‌ವೇಯನ್ನು ಕೂಡ 30 ವರ್ಷಕ್ಕೆ ತನ್ನ ಕೈಗೆ ತಗೊಂಡಿತು. ರಾಜ್ಯದ ಸಾರಿಗೆ ಇಲಾಖೆಯು ಹಡಗಿನ ಬಂದರುಗಳಿಗೆ, ವಿಮಾನ ನಿಲ್ದಾಣಗಳಿಗೆ ದುಡ್ಡು ಕೊಡುವ ಹಾಗೆಯೇ ಉಡಾವಣಾ ನೆಲೆಯ ಕಾಮಗಾರಿಗೂ ಕಂಪನಿಯ ಜೊತೆ ಪಾಲು ಹಾಕುವ ಪದ್ಧತಿ ಬಂತು.

ಇದು ಮದುವೆ ಛತ್ರದ ಮಾಲೀಕನ ಲೆಕ್ಕ. ಈ ವಾರದ ಮದುವೆ ಮುರಿದುಬಿದ್ದರೂ ಛತ್ರ ಅಲ್ಲೇ ಇರುತ್ತದೆ, ಮುಂದಿನ ವಾರ ಬೇರೆಯವರು ಬರುತ್ತಾರೆ. ಕಂಪನಿಗೆ ಕೊಟ್ಟ ನಗದಿಗೆ ಆ ಗುಣ ಇಲ್ಲ.

2015ರ ಸೆಪ್ಟೆಂಬರಿನಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಬಂದು, ತಮ್ಮ ರಾಕೆಟ್ ಕಂಪನಿ ಬ್ಲೂ ಒರಿಜಿನ್ ಇಲ್ಲಿ ರಾಕೆಟ್ ಕಾರ್ಖಾನೆ ಕಟ್ಟುತ್ತದೆ, 20 ಕೋಟಿ ಡಾಲರ್ ಹಾಕುತ್ತೇವೆ, 330 ಕೆಲಸ ಕೊಡುತ್ತೇವೆ ಅಂದರು. ಪಕ್ಕದಲ್ಲೇ ಒನ್‌ವೆಬ್ ಉಪಗ್ರಹಗಳ ಕಾರ್ಖಾನೆ 2019ರಲ್ಲಿ ಶುರುವಾಯಿತು. ಸ್ಪೇಸ್‌ಎಕ್ಸ್ 2014ರಲ್ಲಿ ನಾಸಾದಿಂದಲೇ ನೇರವಾಗಿ 39ಎ ಲಾಂಚ್ ಪ್ಯಾಡನ್ನು 20 ವರ್ಷಕ್ಕೆ ಗುತ್ತಿಗೆ ಪಡೆಯಿತು, ಅಪೊಲೋ 11 ಹಾರಿದ ಅದೇ ಪ್ಯಾಡ್. ಜೊತೆಗೆ ಬಾಹ್ಯಾಕಾಶಕ್ಕೆ ಸಂಬಂಧವೇ ಇಲ್ಲದ ವಿಮಾನದವರೂ ಬಂದರು. ಬ್ರೆಜಿಲ್‌ನ ಎಂಬ್ರಾಯರ್ 2011ರ ಫೆಬ್ರವರಿಯಲ್ಲೇ ಮೆಲ್ಬರ್ನ್ ಊರಿನಲ್ಲಿ (ಆಸ್ಟ್ರೇಲಿಯಾದ್ದಲ್ಲ, ಇದೇ ಕೌಂಟಿಯದ್ದು) ಸಣ್ಣ ಜೆಟ್‌ಗಳ ಜೋಡಣೆ ಶುರು ಮಾಡಿತು. ನಾರ್ತ್‌ರಾಪ್ ಗ್ರಮನ್ 2014ರಲ್ಲಿ 1,800 ಕೆಲಸದ ವಿಸ್ತರಣೆ ಪ್ರಕಟಿಸಿತು. 2019ರ ಹೊತ್ತಿಗೆ ಕೌಂಟಿಯ ನಿರುದ್ಯೋಗ ಶೇಕಡಾ 4ಕ್ಕಿಂತ ಕೆಳಗಿಳಿದಿತ್ತು. 2024ರಲ್ಲಿ ಆ ಕರಾವಳಿಯಿಂದ 93 ಉಡಾವಣೆ ಆಯಿತು, ಶಟಲ್ ಕಾಲದಲ್ಲಿ ಕನಸಿನಲ್ಲೂ ಇರದ ಸಂಖ್ಯೆ.

ಹಾಗಾದರೆ ಎಲ್ಲಾ ಪ್ರೋತ್ಸಾಹಧನದ ಮಹಿಮೆಯೇ? ನಿಧಾನ. ಅಮೆರಿಕದ ಅರ್ಥಶಾಸ್ತ್ರಜ್ಞ ತಿಮೋಥಿ ಬಾರ್ಟಿಕ್ ಹಳೆಯ ಅಧ್ಯಯನಗಳನ್ನೆಲ್ಲಾ ಕೂಡಿಸಿ ನೋಡಿದರು. ಪ್ರೋತ್ಸಾಹಧನ ಪಡೆದ ಕಂಪನಿಗಳಲ್ಲಿ, ಅದರ ಕಾರಣಕ್ಕೇ ಆ ಜಾಗ ಆರಿಸಿಕೊಂಡವು ಶೇಕಡಾ 2ರಿಂದ 25ರಷ್ಟು ಮಾತ್ರ. ಉಳಿದವು ಹೇಗಿದ್ದರೂ ಅಲ್ಲಿಗೇ ಬರುತ್ತಿದ್ದವು, ಬರುವಾಗ ದುಡ್ಡೂ ಸಿಕ್ಕಿತು. ಕೆನಡಿ ಕೇಂದ್ರದ ಪಕ್ಕದ ಕೇಪ್ ಕನಾವೆರಲ್‌ನಂಥ ಉಡಾವಣಾ ಜಾಗಕ್ಕಂತೂ ಇದು ಇನ್ನೂ ನಿಜ. ಪೂರ್ವಕ್ಕೆ ಖಾಲಿ ಸಮುದ್ರ, ದಕ್ಷಿಣಕ್ಕೆ, ಅಂದರೆ ಸಮಭಾಜಕಕ್ಕೆ ಹತ್ತಿರ, ಇರುವುದರಿಂದ ಭೂಮಿಯ ತಿರುಗುವಿಕೆಯ ಲಾಭ, ಸಿದ್ಧವಾಗಿರುವ ರಾಡಾರ್ ಮತ್ತು ಸುರಕ್ಷತಾ ವ್ಯವಸ್ಥೆ. ನಾವು ಶ್ರೀಹರಿಕೋಟಾ ಆರಿಸಿದ್ದೂ ಇಂಥದ್ದೇ ಕಾರಣಕ್ಕೆ. ರಾಕೆಟ್ ಹಾರಿಸುವವನು ಅಲ್ಲಿಗೆ ಬರಲೇಬೇಕು. ಆದರೆ ರಾಕೆಟ್ ತಯಾರಿಸುವವನು ಬರಬೇಕಿಲ್ಲ, ಅದನ್ನು ಕ್ಯಾಲಿಫೋರ್ನಿಯಾದಲ್ಲೋ ಅಲಬಾಮಾದಲ್ಲೋ ಮಾಡಿ ಲಾರಿಯಲ್ಲೋ ಹಡಗಿನಲ್ಲೋ ತರಬಹುದು. ರಾಜ್ಯ ದುಡ್ಡು ಹಾಕಬೇಕಾದದ್ದು ಆ ಎರಡನೆಯವನನ್ನು ಒಲಿಸಲು. ಬ್ಲೂ ಒರಿಜಿನ್ ಕಾರ್ಖಾನೆ ಅದಕ್ಕೆ ಮುಖ್ಯವಾಗುತ್ತದೆ.

ಇನ್ನೊಂದು ಕಹಿ ಮಾತು. ವರ್ಷಗಳನ್ನು ಮತ್ತೆ ನೋಡಿ. ಕೆಲಸ ಹೋಗಿದ್ದು 2011. ದೊಡ್ಡ ಪ್ರಮಾಣದಲ್ಲಿ ಕೆಲಸ ವಾಪಸ್ ಬಂದದ್ದು 2015ರ ನಂತರ. ಐವತ್ತೆರಡು ವಯಸ್ಸಿಗೆ ಕೆಲಸ ಕಳಕೊಂಡ ಟೈಲ್ ಟೆಕ್ನಿಷಿಯನ್‌ಗೆ ಆಗ ಐವತ್ತಾರು, ಐವತ್ತೇಳು. ನಡುವಿನ ವರ್ಷಗಳಲ್ಲಿ ಉಳಿತಾಯ ಕರಗಿದೆ, ಮನೆ ಹೋಗಿದೆ, ಅಥವಾ ಆತ ಊರೇ ಬಿಟ್ಟಿದ್ದಾನೆ. ಹೊಸ ಕಾರ್ಖಾನೆಗೆ ಬಂದವರು ಬಹಳಷ್ಟು ಜನ ಬೇರೆಯವರು, ಚಿಕ್ಕ ವಯಸ್ಸಿನವರು. ತೆರಿಗೆ ವಾಪಸಾತಿ ಯೋಜನೆ ನೋಡುತ್ತಿದ್ದದ್ದು ಎಷ್ಟು ಹುದ್ದೆ, ಎಷ್ಟು ಸಂಬಳ ಅಂತ. ಊರಿನ ಅಂಕಿ ಅಂಶ ಚೇತರಿಸಿಕೊಂಡಿತು, ಅದು ಸುಳ್ಳಲ್ಲ. ಆದರೆ ಪೆಟ್ಟು ತಿಂದವರಿಗೆ ಆ ದುಡ್ಡು ಮುಟ್ಟಲಿಲ್ಲ. ಅವರಿಗೆ ಬೇಕಿದ್ದದ್ದು ಬೇರೆ ಥರದ ಸಹಾಯ, ಸಾಲದ ಕಂತಿಗೆ ಒಂದಷ್ಟು ಬಿಡುವು, ಆರೋಗ್ಯ ವಿಮೆ, ಕೆಲಸ ಹೋಗುವ ಮೊದಲೇ ತರಬೇತಿ. ತರಬೇತಿ ಕೊಟ್ಟಿದ್ದೂ ಉಂಟು. ಆದರೆ ಆಗ ಕೆಲಸವೇ ಇಲ್ಲದ ಊರಿನಲ್ಲಿ ತರಬೇತಿ ಪಡೆದು ಎಲ್ಲಿಗೆ ಹೋಗುವುದು?

ನಮ್ಮ ಕಡೆಗೆ ಒಂದು ಕ್ಷಣ ಬರೋಣ, ಯಾಕೆಂದರೆ ಈ ಹರಾಜಿನಲ್ಲಿ ನಾವೂ ಇದ್ದೇವೆ. 2025ರ ಜುಲೈ 15ರಂದು ದೇವನಹಳ್ಳಿ ಹತ್ತಿರ ಏರೋಸ್ಪೇಸ್ ಪಾರ್ಕಿಗೆ ಗುರುತಿಸಿದ್ದ 1,777 ಎಕರೆ ಜಮೀನಿನ ಸ್ವಾಧೀನವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಕೈಬಿಟ್ಟರು. ರೈತರು ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದ್ದರು. ಅದೇ ಗಳಿಗೆಯಲ್ಲಿ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮ ಹತ್ತಿರ 8,000 ಎಕರೆ ಇದೆ, ಇಲ್ಲಿಗೆ ಬನ್ನಿ ಅಂತ ಕಂಪನಿಗಳನ್ನು ಕರೆದರು. ಎಲ್ಲರೂ ಯಾರು ಗೆದ್ದರು, ಯಾರು ಸೋತರು ಅಂತ ಚರ್ಚೆ ಮಾಡಿದರು. ನನಗೆ ಕೇಳಬೇಕು ಅನ್ನಿಸುವುದು ಬೇರೆ. ಕೊಡುವ ರಿಯಾಯಿತಿ ಕೆಲಸ ಆದ ಮೇಲೋ, ಮೊದಲೋ? ಕಂಪನಿ ಹತ್ತು ವರ್ಷದಲ್ಲಿ ಎದ್ದು ಹೋದರೆ ರಾಜ್ಯದ ಕೈಯಲ್ಲಿ ಉಳಿಯುವುದು ಏನು? ಜಮೀನು ಕೊಟ್ಟವನ ಮಕ್ಕಳಿಗೆ ಅಲ್ಲಿ ಸೆಕ್ಯುರಿಟಿ ಕೆಲಸಕ್ಕಿಂತ ಮೇಲಿನದ್ದು ಸಿಗುತ್ತದಾ?

ಫ್ಲಾರಿಡಾದ ಆ ಮೂರನೇ ಹ್ಯಾಂಗರ್ ಕಥೆ ಇನ್ನೂ ಮುಗಿದಿಲ್ಲ. ಅಲ್ಲಿ ತಯಾರಾದ ಬೋಯಿಂಗ್ ಸ್ಟಾರ್‌ಲೈನರ್ 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು ಕರೆದುಕೊಂಡು ಹೋಗಿ, ತೊಂದರೆಯಾಗಿ, ಸೆಪ್ಟೆಂಬರಿನಲ್ಲಿ ಖಾಲಿ ವಾಪಸ್ ಬಂತು. ಅವರಿಬ್ಬರು 2025ರ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್ ನೌಕೆಯಲ್ಲಿ ಇಳಿದರು. ಅದೇ ವರ್ಷ ಅಮೆರಿಕದ ಸರ್ಕಾರ, ಮನುಷ್ಯರನ್ನು ಮತ್ತೆ ಚಂದ್ರನತ್ತ ಕಳಿಸುವ ಆರ್ಟೆಮಿಸ್ ಕಾರ್ಯಕ್ರಮಕ್ಕೆ ಕಟ್ಟಿದ, ಕೆನಡಿ ಕೇಂದ್ರದಿಂದಲೇ ಹಾರುವ ಎಸ್‌ಎಲ್‌ಎಸ್ ರಾಕೆಟ್ಟನ್ನು ಮೂರನೇ ಆರ್ಟೆಮಿಸ್ ಹಾರಾಟದ ನಂತರ ನಿಲ್ಲಿಸುವ ಪ್ರಸ್ತಾಪ ಇಟ್ಟಿತು. ಸಂಸತ್ತು ಇನ್ನೆರಡು ಹಾರಾಟಕ್ಕೆ ದುಡ್ಡು ಸೇರಿಸಿತು. ಬ್ರೆವಾರ್ಡ್‌ನವರು ಈ ಸಲ ಎಷ್ಟು ಮೊದಲೇ ತಯಾರಿ ಶುರು ಮಾಡುತ್ತಾರೆ ಅನ್ನೋದನ್ನು ನಾನಂತೂ ಗಮನಿಸುತ್ತಾ ಇರುತ್ತೇನೆ.

ಇಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ, ದೇವನಹಳ್ಳಿ ಬಗ್ಗೆ ಜಗಳ ಆಡುವುದಿದ್ದರೂ ಆಡಬಹುದು.